ಮಿಶ್ರಲೋಹದ ತಂತಿಗಳು

ಶುದ್ಧವಾದುದೇ ಶ್ರೇಷ್ಠವಾದುದು ಎಂಬ ಭಾವನೆ ಜನಮನದಲ್ಲಿ ಬಲವಾಗಿ ನೆಲೆಸಿದೆ. ಹಾಲಿಗೆ ನೀರು ಬೆರೆತರೆ ಅದು ಕಲಬೆರಕೆ. ತುಪ್ಪಕ್ಕೆ ಬೇರೆ ಕೊಬ್ಬು ಸೇರಿದರೆ ಅದು ಮೋಸ. ಆದರೆ ಲೋಹಗಳ ಲೋಕದಲ್ಲಿ ಈ ಮಾತು ಹಾಗೆಯೇ ಸಲ್ಲುವುದಿಲ್ಲ. ಅಪ್ಪಟ ಚಿನ್ನವು ಬಲು ಮೃದು. ಅದರಿಂದಲೇ ಮಾಡಿದ ಸರವು ದಿನಬಳಕೆಯಲ್ಲಿ ಬಾಗಿ, ಸವೆದು, ಬೇಗನೆ ಕೆಡುತ್ತದೆ. ಆದ್ದರಿಂದ ಅಕ್ಕಸಾಲಿಗನು 22 ಕ್ಯಾರಟ್ಟಿನ ಒಡವೆಯಲ್ಲಿ ನೂರಕ್ಕೆ ಸುಮಾರು 92 ಪಾಲು ಚಿನ್ನವನ್ನಿಟ್ಟು, ಉಳಿದ ಪಾಲಿಗೆ ತಾಮ್ರ, ಬೆಳ್ಳಿ ಮೊದಲಾದ ಲೋಹಗಳನ್ನು ಬೆರೆಸುತ್ತಾನೆ. ಬೆರಕೆಯಿಂದ ಒಡವೆಗೆ ಗಟ್ಟಿತನ ಬರುತ್ತದೆ. ತಾಮ್ರಕ್ಕೆ ತವರವನ್ನು ಸೇರಿಸಿ ಕಂಚನ್ನೂ, ಸತುವನ್ನು ಸೇರಿಸಿ ಹಿತ್ತಾಳೆಯನ್ನೂ ಪಡೆಯುವ ವಿದ್ಯೆ ಬಹು ಪ್ರಾಚೀನವಾದುದು. ಹೀಗೆ ಒಂದು ಲೋಹಕ್ಕೆ ಮತ್ತೊಂದು ಲೋಹವನ್ನೋ ಇತರ ಮೂಲವಸ್ತುವನ್ನೋ ಗೊತ್ತಾದ ಪ್ರಮಾಣದಲ್ಲಿ ಬೆರೆಸಿದಾಗ ದೊರೆಯುವುದೇ ಮಿಶ್ರಲೋಹ. ಅದರ ಗುಣವು ಬೆರೆತ ಲೋಹಗಳ ಗುಣಗಳ ಕೇವಲ ಮೊತ್ತವಲ್ಲ. ಬೆರಕೆಯಲ್ಲಿ ಒಮ್ಮೊಮ್ಮೆ ಯಾವ ಲೋಹದಲ್ಲಿಯೂ ಇಲ್ಲದ ಹೊಸ ಗುಣವೇ ಮೈದೋರುತ್ತದೆ.

ಮಿಶ್ರಲೋಹವು ತಂತಿಯ ರೂಪವನ್ನು ತಾಳಿದಾಗ ಅದರ ಉಪಯೋಗ ಇನ್ನಷ್ಟು ವಿಸ್ತಾರವಾಗುತ್ತದೆ. ಅಕ್ಕಸಾಲಿಗನ ಬಳಿ ಕಂಬಚ್ಚು ಎಂಬ ಉಪಕರಣವಿರುತ್ತದೆ. ಅದು ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತ ಬಂದ ರಂಧ್ರಗಳುಳ್ಳ ಉಕ್ಕಿನ ಪಟ್ಟಿ. ಚಿನ್ನದ ಸಣ್ಣ ಕಡ್ಡಿಯ ತುದಿಯನ್ನು ಚೂಪು ಮಾಡಿ, ಒಂದೊಂದೇ ರಂಧ್ರದಲ್ಲಿ ತೂರಿಸಿ ಇಕ್ಕಳದಿಂದ ಎಳೆಯುತ್ತ ಹೋದರೆ ಕಡ್ಡಿಯು ಕೂದಲೆಳೆಯಂತಹ ತಂತಿಯಾಗುತ್ತದೆ. ಇಂದಿನ ಕಾರ್ಖಾನೆಗಳಲ್ಲಿ ನಡೆಯುವುದೂ ಇದೇ ಕ್ರಿಯೆ. ಅಲ್ಲಿ ಉಕ್ಕಿನ ಪಟ್ಟಿಯ ಬದಲು ಅತ್ಯಂತ ಕಠಿಣವಾದ ಟಂಗ್‌ಸ್ಟನ್ ಕಾರ್ಬೈಡಿನ ಅಚ್ಚುಗಳೂ, ಬಹು ಸಣ್ಣ ತಂತಿಗಳಿಗಾಗಿ ವಜ್ರದ ಅಚ್ಚುಗಳೂ ಇರುತ್ತವೆ. ಕೈಯ ಬದಲು ಯಂತ್ರವು ಎಳೆಯುತ್ತದೆ. 8 ಮಿಲಿಮೀಟರ್ ವ್ಯಾಸದ ಒಂದು ಮೀಟರ್ ಸರಳನ್ನು 0.4 ಮಿಲಿಮೀಟರಿಗೆ ಇಳಿಸಿದರೆ ಅದು 400 ಮೀಟರ್ ಉದ್ದವಾಗುತ್ತದೆ. ಎಳೆದಂತೆಲ್ಲ ಲೋಹವು ಗಡುಸಾಗಿ ಮುರಿಯುವ ಸ್ಥಿತಿಗೆ ಬರುವುದರಿಂದ ನಡುನಡುವೆ ಅದನ್ನು ಕಾಯಿಸಿ ಮೆದುಗೊಳಿಸಬೇಕು. ಕಾಯಿಸುವಾಗ ಗಾಳಿ ತಗುಲಿ ಮೈ ಕಪ್ಪಾಗದಂತೆ ಹೈಡ್ರೋಜನ್ ಮುಂತಾದ ಅನಿಲಗಳ ನಡುವೆ ಇರಿಸುವುದೂ ಉಂಟು. ಬೆರಕೆಯ ಪ್ರಮಾಣ ಸ್ವಲ್ಪ ಹೆಚ್ಚು ಕಡಿಮೆಯಾದರೂ ತಂತಿಯ ಗುಣ ಬದಲಾಗುವುದರಿಂದ ಈ ಕೆಲಸಕ್ಕೆ ತುಂಬ ಎಚ್ಚರಿಕೆ ಬೇಕು. ನಮ್ಮ ದೇಶದಲ್ಲಿ 1973ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಮಿಶ್ರ ಧಾತು ನಿಗಮವು ವಿಮಾನ, ರಾಕೆಟ್, ಅಣುಶಕ್ತಿ ಮೊದಲಾದ ಕ್ಷೇತ್ರಗಳಿಗೆ ಬೇಕಾದ ವಿಶೇಷ ಮಿಶ್ರಲೋಹಗಳನ್ನು ತಯಾರಿಸುತ್ತದೆ.

ತಂತಿಯೆಂದೊಡನೆ ಮೊದಲು ನೆನಪಾಗುವುದು ವಿದ್ಯುತ್ತು. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಗಳ ಮೂಲಕವೇ ಹರಿದು ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಇಷ್ಟು ದೂರ ವಿದ್ಯುತ್ತನ್ನು ಸಾಗಿಸುವ ತಂತಿಯು ಅದರ ಹರಿವಿಗೆ ಆದಷ್ಟು ಕಡಿಮೆ ಅಡ್ಡಿಯನ್ನು ಒಡ್ಡಬೇಕು. ಈ ಅಡ್ಡಿಗೆ ರೋಧವೆಂದು ಹೆಸರು. ರೋಧ ಹೆಚ್ಚಾದಷ್ಟೂ ವಿದ್ಯುತ್ತು ದಾರಿಯಲ್ಲಿಯೇ ಶಾಖವಾಗಿ ಸೋರಿಹೋಗುತ್ತದೆಂಬುದನ್ನು ಇಂಗ್ಲೆಂಡಿನ ಜೇಮ್ಸ್ ಜೂಲನು 1840ರ ಆಸುಪಾಸಿನಲ್ಲಿಯೇ ಪ್ರಯೋಗಗಳಿಂದ ತೋರಿಸಿಕೊಟ್ಟಿದ್ದನು. ತಾಮ್ರ ಮತ್ತು ಅಲ್ಯೂಮಿನಿಯಂಗಳಲ್ಲಿ ರೋಧವು ತೀರ ಕಡಿಮೆ. ಆದುದರಿಂದ ಸಾಗಾಣಿಕೆಗೆ ಅವೇ ಯೋಗ್ಯವಾದ ಲೋಹಗಳು. ಈ ಕೆಲಸದಲ್ಲಿ ರೋಧವೆಂಬುದು ಶತ್ರು.

ಆದರೆ ವಿದ್ಯುತ್ತಿನಿಂದ ಶಾಖವನ್ನೇ ಪಡೆಯಬೇಕಾದಾಗ ಈ ಶತ್ರುವೇ ಮಿತ್ರನಾಗುತ್ತದೆ. ಬೆಳಕು ಬಂದ ಮನೆಗೆ ಹೊಗೆಯಿಲ್ಲದ ಒಲೆಯೂ ಬರಬಾರದೇಕೆ ಎಂಬ ಯೋಚನೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅನೇಕರನ್ನು ಕಾಡಿತು. ತೊಡಕಿದ್ದುದು ತಂತಿಯಲ್ಲಿ. ಒಲೆಯ ತಂತಿಗೆ ನಾಲ್ಕು ಗುಣಗಳಿರಬೇಕು. ಅದರ ರೋಧ ಹೆಚ್ಚಾಗಿರಬೇಕು, ಕೆಂಪಗೆ ಕಾದರೂ ಅದು ಕರಗಬಾರದು, ಕಾದ ಸ್ಥಿತಿಯಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ನಾಶವಾಗಬಾರದು, ಬೆಲೆಯೂ ಕೈಗೆಟಕುವಂತಿರಬೇಕು. ಕಬ್ಬಿಣದ ತಂತಿಯನ್ನು ಕೆಂಪಗೆ ಕಾಯಿಸಿದರೆ ಅದರ ಮೈಮೇಲೆ ಹೊಪ್ಪಳೆ ಎದ್ದು ಉದುರುತ್ತದೆ; ಉದುರಿದಂತೆಲ್ಲ ಒಳಗಿನ ಲೋಹವು ಗಾಳಿಗೆ ತೆರೆದುಕೊಂಡು, ಸ್ವಲ್ಪಕಾಲದಲ್ಲಿಯೇ ತಂತಿ ಸವೆದು ತುಂಡಾಗುತ್ತದೆ. ತಾಮ್ರದ ಗತಿಯೂ ಹೀಗೆಯೇ. ಪ್ಲಾಟಿನಂ ತಂತಿಯು ಈ ಬಾಧೆಗಳನ್ನೆಲ್ಲ ಸಹಿಸಬಲ್ಲದು. ಆದರೆ ಅದರಿಂದ ಒಲೆಯನ್ನು ಮಾಡಿದರೆ ಕೊಳ್ಳಬಲ್ಲವರು ಎಷ್ಟು ಮಂದಿ?

ಈ ತೊಡಕನ್ನು ಬಿಡಿಸಿದವನು ಅಮೆರಿಕದ ಲೋಹಶಾಸ್ತ್ರಜ್ಞ ಆಲ್ಬರ್ಟ್ ಮಾರ್ಷ್. ಬೆಂಗಳೂರಿನ ಬೀದಿದೀಪಗಳು ಬೆಳಗಿದ 1905ರಲ್ಲಿಯೇ ಈತನು ನಿಕಲ್ ಮತ್ತು ಕ್ರೋಮಿಯಂಗಳ ಮಿಶ್ರಲೋಹವೊಂದನ್ನು ಸಿದ್ಧಪಡಿಸಿದನು. 1906ರ ಫೆಬ್ರವರಿಯಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ನೈಕ್ರೋಮ್ ಎಂದು ಇಂದು ಪ್ರಸಿದ್ಧವಾಗಿರುವುದು ಈ ಬಗೆಯ ಮಿಶ್ರಲೋಹವೇ. ಇದರಲ್ಲಿ ಸಾಮಾನ್ಯವಾಗಿ ನೂರಕ್ಕೆ 80 ಪಾಲು ನಿಕಲ್, 20 ಪಾಲು ಕ್ರೋಮಿಯಂ ಇರುತ್ತವೆ. ಇದು ಕರಗಬೇಕಾದರೆ ಸುಮಾರು 1400 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೈಕ್ರೋಮಿನ ರಹಸ್ಯವಿರುವುದು ಅದರ ಮೈಯ ಮೇಲೆ. ತಂತಿಯು ಮೊದಲ ಸಲ ಕಾದಾಗ ಅದರಲ್ಲಿನ ಕ್ರೋಮಿಯಂ ಆಮ್ಲಜನಕದೊಡನೆ ಸೇರಿ ಬಹು ತೆಳುವಾದ ಒಂದು ಪದರವಾಗುತ್ತದೆ. ಈ ಪದರವು ಕಬ್ಬಿಣದ ಹೊಪ್ಪಳೆಯಂತೆ ಸುಲಭವಾಗಿ ಉದುರುವುದಿಲ್ಲ. ಮೈಗೆ ಬಿಗಿಯಾಗಿ ಅಂಟಿಕೊಂಡು, ಗಾಳಿಯು ಒಳಕ್ಕೆ ನುಗ್ಗದಂತೆ ಕವಚವಾಗಿ ನಿಲ್ಲುತ್ತದೆ. ಕಬ್ಬಿಣವನ್ನು ಕೊಲ್ಲುವ ಆಮ್ಲಜನಕವೇ ನೈಕ್ರೋಮಿಗೆ ಕವಚವನ್ನು ತೊಡಿಸುತ್ತದೆ.

ನೈಕ್ರೋಮಿನ ಮತ್ತೊಂದು ಗುಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. 230 ವೋಲ್ಟಿನ ವಿದ್ಯುತ್ತಿನಲ್ಲಿ 1000 ವಾಟ್ ಶಾಖ ಕೊಡುವ ಇಸ್ತ್ರಿಪೆಟ್ಟಿಗೆಯ ತಂತಿಗೆ ಸುಮಾರು 53 ಓಮ್ ರೋಧವಿರಬೇಕು. 0.4 ಮಿಲಿಮೀಟರ್ ವ್ಯಾಸದ ನೈಕ್ರೋಮ್ ತಂತಿಯಾದರೆ ಸುಮಾರು 6 ಮೀಟರ್ ಸಾಕು. ಅದನ್ನು ಸುರುಳಿ ಸುತ್ತಿ ಸುಲಭವಾಗಿ ಪೆಟ್ಟಿಗೆಯೊಳಗೆ ಅಡಗಿಸಬಹುದು. ಅಷ್ಟೇ ದಪ್ಪದ ತಾಮ್ರದ ತಂತಿಯನ್ನು ಬಳಸಿದರೆ ಸುಮಾರು 390 ಮೀಟರ್ ಬೇಕಾಗುತ್ತದೆ! ಇದಲ್ಲದೆ ತಾಮ್ರದ ರೋಧವು ಕಾದಂತೆಲ್ಲ ಬಹಳವಾಗಿ ಏರುತ್ತದೆ; ನೈಕ್ರೋಮಿನ ರೋಧವಾದರೋ ಕೆಂಪಗೆ ಕಾದಾಗಲೂ ಹೆಚ್ಚೇನೂ ಬದಲಾಗುವುದಿಲ್ಲ. ಇಸ್ತ್ರಿಪೆಟ್ಟಿಗೆ, ವಿದ್ಯುತ್ ಒಲೆ, ಕೂದಲು ಒಣಗಿಸುವ ಯಂತ್ರ, ರೊಟ್ಟಿ ಸುಡುವ ಟೋಸ್ಟರು, ಪ್ರಯೋಗಶಾಲೆಯ ಕುಲುಮೆ, ಪ್ಲಾಸ್ಟಿಕ್ ಚೀಲಗಳ ಬಾಯಿ ಬೆಸೆಯುವ ಯಂತ್ರ ಇವೆಲ್ಲವೂ ಈ ತಂತಿಯ ಆಶ್ರಯದಲ್ಲಿ ಬೆಳೆದವು. ಇನ್ನೂ ಹೆಚ್ಚಿನ ಶಾಖ ಬೇಕಾದ ಕುಲುಮೆಗಳಿಗಾಗಿ 1920ರ ದಶಕದಲ್ಲಿ ಸ್ವೀಡನ್ನಿನ ಹಾನ್ಸ್ ಫಾನ್ ಕಾಂಟ್ಸೋ ಎಂಬಾತನು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂಗಳನ್ನು ಬೆರೆಸಿ ಕಾಂಥಾಲ್ ಎಂಬ ಮಿಶ್ರಲೋಹವನ್ನು ರೂಪಿಸಿದನು. ಅಲ್ಲಿ ಕವಚವಾಗುವುದು ಅಲ್ಯೂಮಿನಿಯಂ.

ಶಾಖವನ್ನು ಹುಟ್ಟಿಸುವುದೊಂದು ವಿದ್ಯೆಯಾದರೆ, ಅದನ್ನು ಅಳೆಯುವುದು ಮತ್ತೊಂದು ವಿದ್ಯೆ. ಉಕ್ಕನ್ನು ಹದಗೊಳಿಸುವ ಕುಲುಮೆಯಲ್ಲಿ ಶಾಖವು ಕೆಲವೇ ಡಿಗ್ರಿ ತಪ್ಪಿದರೂ ಸರಕು ಕೆಡಬಹುದು. ಅಲ್ಲಿಗೆ ಪಾದರಸದ ಉಷ್ಣಮಾಪಕವನ್ನು ಒಯ್ಯುವಂತಿಲ್ಲ, ಪಾದರಸವು ಕುದಿದುಹೋಗುತ್ತದೆ. ಇಲ್ಲಿಯೂ ನೆರವಿಗೆ ಬರುವುದು ತಂತಿಗಳೇ. ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಎರಡೂ ತುದಿಗಳಲ್ಲಿ ಬೆಸೆದು, ಒಂದು ತುದಿಯನ್ನು ಕಾಯಿಸಿ ಇನ್ನೊಂದನ್ನು ತಣ್ಣಗೆ ಇರಿಸಿದರೆ ಅವುಗಳಲ್ಲಿ ಅಲ್ಪವಾದ ವಿದ್ಯುತ್ತು ಹರಿಯುವುದೆಂಬುದು 1821ರಲ್ಲಿ ಥಾಮಸ್ ಸೀಬೆಕ್ ನಡೆಸಿದ ಪ್ರಯೋಗಗಳಿಂದ ಬೆಳಕಿಗೆ ಬಂದಿತು. ಇಂತಹ ಜೋಡಿಗೆ ಉಷ್ಣಯುಗ್ಮವೆಂದು ಹೆಸರು. ಇಂದು ಕಾರ್ಖಾನೆಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ಕ್ರೋಮೆಲ್ ಮತ್ತು ಅಲುಮೆಲ್ ತಂತಿಗಳ ಜೋಡಿ. ಕ್ರೋಮೆಲ್ ಎಂಬುದು ನೈಕ್ರೋಮಿನ ಸೋದರಿ; ಅದರಲ್ಲಿ ನೂರಕ್ಕೆ 90 ಪಾಲು ನಿಕಲ್, 10 ಪಾಲು ಕ್ರೋಮಿಯಂ ಇರುತ್ತವೆ. ಅಲುಮೆಲಿನಲ್ಲಿ ಬಹುಪಾಲು ನಿಕಲ್, ಉಳಿದಂತೆ ಅಲ್ಯೂಮಿನಿಯಂ, ಮ್ಯಾಂಗನೀಸ್ ಮೊದಲಾದವು ಇರುತ್ತವೆ. ಒಂದು ಡಿಗ್ರಿಯ ವ್ಯತ್ಯಾಸಕ್ಕೆ ಈ ಜೋಡಿಯು ಕೊಡುವುದು ಒಂದು ವೋಲ್ಟಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು 40 ಪಾಲು ಮಾತ್ರ. ಆದರೂ ಅಷ್ಟನ್ನೇ ಓದಬಲ್ಲ ಮಾಪಕಗಳಿರುವುದರಿಂದ ಸಾವಿರ ಡಿಗ್ರಿಗೂ ಮೀರಿದ ಶಾಖವನ್ನು ದೂರದಲ್ಲಿ ಕುಳಿತೇ ತಿಳಿಯಬಹುದು. ಜೆಟ್ ವಿಮಾನದ ಯಂತ್ರದಿಂದ ಹೊರಬರುವ ಬಿಸಿ ಅನಿಲದ ಶಾಖವನ್ನು ವಿಮಾನ ಚಾಲಕನಿಗೆ ತಿಳಿಸುವುದೂ ಇಂತಹ ತಂತಿಗಳೇ. ನೂರಾರು ಜನರ ಪ್ರಾಣ ಅವುಗಳ ಸತ್ಯವಂತಿಕೆಯನ್ನು ನಂಬಿರುತ್ತದೆ.

ಮಾಪಕಗಳು ಸತ್ಯವನ್ನು ಹೇಳಬೇಕಾದರೆ ಅವುಗಳೊಳಗಿನ ತಂತಿಯೂ ಸ್ಥಿರವಾಗಿರಬೇಕು. ತಾಮ್ರದ ತಂತಿಯ ರೋಧವು ಹವೆ ಹತ್ತು ಡಿಗ್ರಿ ಏರಿದರೆ ನೂರಕ್ಕೆ ನಾಲ್ಕರಷ್ಟು ಹೆಚ್ಚುತ್ತದೆ. ಅಂತಹ ತಂತಿಯ ಮಾಪಕವು ಬೆಳಿಗ್ಗೆ ಒಂದು ಮಾತು, ಮಧ್ಯಾಹ್ನ ಒಂದು ಮಾತು ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಎಡ್ವರ್ಡ್ ವೆಸ್ಟನ್ ಎಂಬ ವಿಜ್ಞಾನಿಯು ಈ ಕುಂದನ್ನು ನೀಗಲು ಶ್ರಮಿಸಿ ಎರಡು ಮಿಶ್ರಲೋಹಗಳನ್ನು ಕಂಡುಕೊಂಡನು. ತಾಮ್ರಕ್ಕೆ ನೂರಕ್ಕೆ ಸುಮಾರು 45 ಪಾಲು ನಿಕಲ್ ಬೆರೆಸಿದ ಕಾನ್‌ಸ್ಟಂಟನ್ ಒಂದು. ತಾಮ್ರಕ್ಕೆ 12 ಪಾಲು ಮ್ಯಾಂಗನೀಸನ್ನೂ ಸ್ವಲ್ಪ ನಿಕಲನ್ನೂ ಬೆರೆಸಿದ ಮ್ಯಾಂಗನಿನ್ ಮತ್ತೊಂದು. ಹವೆಯ ಏರಿಳಿತಕ್ಕೆ ಇವುಗಳ ರೋಧವು ಬದಲಾಗುವುದಿಲ್ಲವೆಂದರೂ ಸಲ್ಲುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿರುವ ರೋಧ ಪೆಟ್ಟಿಗೆಯ ಸುರುಳಿಗಳನ್ನು ಇಂತಹ ತಂತಿಗಳಿಂದಲೇ ಸುತ್ತಿರುತ್ತಾರೆ. 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಜ್ ಎಂಬ ಇಬ್ಬರು ಬೇರೆ ಬೇರೆಯಾಗಿ ಮತ್ತೊಂದು ಉಪಾಯವನ್ನು ಕಂಡುಹಿಡಿದರು. ಬಹು ಸಣ್ಣ ತಂತಿಯನ್ನು ಯಂತ್ರದ ಭಾಗಕ್ಕೆ ಅಂಟಿಸಿದರೆ, ಆ ಭಾಗವು ಭಾರದಿಂದ ಕೊಂಚ ಹಿಗ್ಗಿದಾಗ ತಂತಿಯೂ ಹಿಗ್ಗಿ ಅದರ ರೋಧ ಹೆಚ್ಚುತ್ತದೆ; ಆ ಹೆಚ್ಚಳದಿಂದ ಭಾರವನ್ನು ಲೆಕ್ಕಹಾಕಬಹುದು. ಸೇತುವೆ ಎಷ್ಟು ಬಳಲಿದೆ, ವಿಮಾನದ ರೆಕ್ಕೆ ಎಷ್ಟು ಬಾಗಿದೆ ಎಂಬುದನ್ನು ಅದು ಮುರಿಯುವ ಮೊದಲೇ ತಿಳಿಸುವ ಈ ಸಾಧನಕ್ಕೂ ಕಾನ್‌ಸ್ಟಂಟನ್ನೇ ಒದಗಿಬಂದಿತು.

ರೋಧದಂತೆಯೇ ಉದ್ದವೂ ಶಾಖಕ್ಕೆ ಬದಲಾಗುತ್ತದೆ. ನೂರು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಶಾಖಕ್ಕೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ದೇಶವನ್ನೇ ಅಳೆಯಹೊರಟವರಿಗೆ ಅಲ್ಪವಲ್ಲ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ಭಾರತದ ಮಹಾ ಭೂಮಾಪನಕ್ಕಾಗಿ ಮದರಾಸಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಮೂಲರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಣಿಯಿಂದ ಅಳೆದನು. ಬಿಸಿಲಿಗೆ ಸರಪಣಿಯು ಹಿಗ್ಗಿ ಲೆಕ್ಕ ತಪ್ಪದಂತೆ ಅದನ್ನು ಮರದ ಪೆಟ್ಟಿಗೆಗಳಲ್ಲಿ ಹಾಸಿ, ಅದರ ಶಾಖವನ್ನು ಆಗಾಗ ಗುರುತುಹಾಕಿಕೊಳ್ಳಬೇಕಾಯಿತು. ಅಷ್ಟು ದೂರವನ್ನು ಅಳೆಯಲು 57 ದಿನಗಳು ಹಿಡಿದವು. ಇದಾದ ಸುಮಾರು ಒಂದು ಶತಮಾನದ ಮೇಲೆ, 1896ರಲ್ಲಿ, ಪ್ಯಾರಿಸ್ಸಿನ ಬಳಿಯ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಕಚೇರಿಯಲ್ಲಿದ್ದ ಸ್ವಿಟ್ಜರ್‌ಲೆಂಡಿನ ವಿಜ್ಞಾನಿ ಷಾರ್ಲ್ ಗಿಯೋಮ್ ಒಂದು ವಿಚಿತ್ರವನ್ನು ಕಂಡನು. ಕಬ್ಬಿಣಕ್ಕೆ ನೂರಕ್ಕೆ 36 ಪಾಲು ನಿಕಲನ್ನು ಬೆರೆಸಿದಾಗ ದೊರೆತ ಮಿಶ್ರಲೋಹವು ಸಾಧಾರಣ ಶಾಖದಲ್ಲಿ ಉಕ್ಕಿನ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಹಿಗ್ಗುತ್ತಿದ್ದಿತು. ಬದಲಾಗದುದು ಎಂಬ ಅರ್ಥದಲ್ಲಿ ಅದಕ್ಕೆ ಇನ್ವಾರ್ ಎಂದು ಹೆಸರಾಯಿತು. ಇನ್ವಾರಿನ ತಂತಿಯನ್ನು ಗಾಳಿಯಲ್ಲಿ ಬಿಗಿಯಾಗಿ ಚಾಚಿ ನೆಲವನ್ನು ಅಳೆಯುವ ಪದ್ಧತಿ ಬಂದಮೇಲೆ ಭೂಮಾಪಕರ ಶ್ರಮವು ಎಷ್ಟೋ ಪಾಲು ಇಳಿಯಿತು. ಗಿಯೋಮನಿಗೆ 1920ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈಗ ಅಳತೆಯ ಕೆಲಸವನ್ನು ಬೆಳಕಿನ ಕಿರಣಗಳೂ ಉಪಗ್ರಹಗಳೂ ವಹಿಸಿಕೊಂಡಿವೆ. ಆದರೆ ಇನ್ವಾರ್ ತಂತಿಯು ಕೆಲಸವನ್ನು ಕಳೆದುಕೊಂಡಿಲ್ಲ. ಭಾರಿ ವಿದ್ಯುತ್ ಹೊತ್ತ ಕೆಲವು ತಂತಿಮಾರ್ಗಗಳಲ್ಲಿ ಅಲ್ಯೂಮಿನಿಯಂ ಎಳೆಗಳ ನಡುವೆ ಬೆನ್ನೆಲುಬಾಗಿ ನಿಂತು, ಕಾದ ತಂತಿ ಜೋತುಬೀಳದಂತೆ ಅದು ತಡೆಯುತ್ತದೆ.

ಇನ್ವಾರ್ ತನ್ನ ಉದ್ದವನ್ನು ಬಿಡದ ತಂತಿಯಾದರೆ, ತನ್ನ ಆಕಾರವನ್ನು ಮರೆಯದ ತಂತಿಯೂ ಒಂದುಂಟು. ಅಮೆರಿಕದ ನೌಕಾದಳದ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಎಂಬಾತನು ನಿಕಲ್ ಮತ್ತು ಟೈಟೇನಿಯಂಗಳ ಮಿಶ್ರಲೋಹವೊಂದನ್ನು ಪರೀಕ್ಷಿಸುತ್ತಿದ್ದನು. 1961ರಲ್ಲಿ ನಡೆದ ಒಂದು ಸಭೆಯಲ್ಲಿ, ಹಲವು ಮಡಿಕೆಗಳಾಗಿ ಬಾಗಿಸಿದ್ದ ಅದರ ಪಟ್ಟಿಯೊಂದಕ್ಕೆ ಅಲ್ಲಿದ್ದವರೊಬ್ಬರು ತಮ್ಮ ಚುಂಗಾಣಿ ಹೊತ್ತಿಸುವ ಸಾಧನದ ಉರಿಯನ್ನು ಹಿಡಿದರು. ನೋಡುತ್ತಿದ್ದಂತೆಯೇ ಮಡಿಕೆಗಳೆಲ್ಲ ಬಿಚ್ಚಿ ಪಟ್ಟಿಯು ನೆಟ್ಟಗಾಯಿತು! ನಿಟಿನಾಲ್ ಎಂಬ ಹೆಸರಿನ ಈ ಮಿಶ್ರಲೋಹಕ್ಕೆ ಹೆಚ್ಚಿನ ಶಾಖದಲ್ಲಿ ಒಂದು ಆಕಾರವನ್ನು ಕಲಿಸಿದರೆ, ತಣ್ಣಗಿರುವಾಗ ಎಷ್ಟು ಬಾಗಿಸಿದರೂ ಬಿಸಿ ತಗುಲಿದೊಡನೆ ಅದು ಮೊದಲಿನ ಆಕಾರಕ್ಕೆ ಮರಳುತ್ತದೆ. ಅದರ ಅಣುಗಳ ಜೋಡಣೆ ತಣ್ಣಗಿರುವಾಗ ಒಂದು ಬಗೆ, ಬಿಸಿಯಾದಾಗ ಮತ್ತೊಂದು ಬಗೆಯಾಗಿರುವುದೇ ಇದಕ್ಕೆ ಕಾರಣ. ವಕ್ರವಾಗಿ ಬೆಳೆದ ಹಲ್ಲುಗಳನ್ನು ಮೆಲ್ಲಮೆಲ್ಲನೆ ಸರಿಪಡಿಸುವ ತಂತಿಗಳಿಗೂ, ಇಕ್ಕಟ್ಟಾದ ರಕ್ತನಾಳದೊಳಗೆ ಮುದುಡಿಸಿ ಕಳುಹಿಸಿದಾಗ ತಾನಾಗಿ ಅರಳಿ ದಾರಿ ತೆರೆಯುವ ಬಲೆಗಳಿಗೂ ವೈದ್ಯರು ಇದನ್ನು ಬಳಸುತ್ತಾರೆ.

ಆಸ್ಪತ್ರೆಯಲ್ಲಿಯೇ ಕೆಲಸ ಮಾಡುವ ಇನ್ನೊಂದು ತಂತಿಯು ನೈಕ್ರೋಮಿಗೆ ನೇರ ವಿರುದ್ಧವಾದುದು. ಕೆಲವು ವಸ್ತುಗಳನ್ನು ಅತಿ ಶೀತಕ್ಕೆ ಇಳಿಸಿದಾಗ ಅವುಗಳ ರೋಧವು ಸಂಪೂರ್ಣವಾಗಿ ಮಾಯವಾಗುತ್ತದೆಂಬುದನ್ನು 1911ರಲ್ಲಿ ಹಾಲೆಂಡಿನ ಕಮರ್ಲಿಂಗ್ ಓನ್ಸ್ ಪಾದರಸದಲ್ಲಿ ಕಂಡನು. ಈ ಗುಣಕ್ಕೆ ಅತಿವಾಹಕತೆಯೆಂದು ಹೆಸರು. ದೇಹವನ್ನು ಕೊಯ್ಯದೆಯೇ ಒಳಗಿನ ಚಿತ್ರವನ್ನು ತೆಗೆಯುವ ಎಂ.ಆರ್.ಐ. ಯಂತ್ರದ ಬಲವಾದ ಅಯಸ್ಕಾಂತವನ್ನು ಸಾಮಾನ್ಯವಾಗಿ ನಿಯೋಬಿಯಂ ಮತ್ತು ಟೈಟೇನಿಯಂಗಳ ಮಿಶ್ರಲೋಹದ ತಂತಿಯಿಂದ ಸುತ್ತಿರುತ್ತಾರೆ. ದ್ರವ ಹೀಲಿಯಮ್ಮಿನಲ್ಲಿ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಂಪಾಗಿರುವ ಆ ತಂತಿಯಲ್ಲಿ ಒಮ್ಮೆ ಹರಿಯಬಿಟ್ಟ ವಿದ್ಯುತ್ತು ಸೋರಿಹೋಗದೆ ಸುತ್ತುತ್ತಲೇ ಇರುತ್ತದೆ. ಒಂದು ತಂತಿಯು ಅಡ್ಡಿಪಡಿಸುವುದರಿಂದಲೇ ಉಪಕಾರಿ. ಮತ್ತೊಂದು ಕಿಂಚಿತ್ತೂ ಅಡ್ಡಿಪಡಿಸದೆ ಇರುವುದರಿಂದಲೇ ಉಪಕಾರಿ. ಲೋಹದಲ್ಲಿ ಗುಣವಾವುದು, ದೋಷವಾವುದು ಎಂಬುದನ್ನು ಅದು ಮಾಡಬೇಕಾದ ಕೆಲಸವೇ ನಿರ್ಣಯಿಸುತ್ತದೆ.

ಈ ಸತ್ಯವನ್ನು ಅರಿಯಲು ದೂರದ ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಮನೆಯ ಗೋಡೆಯ ಮೇಲಿನ ಫ್ಯೂಸಿನ ಪಿಂಗಾಣಿ ಬಿಲ್ಲೆಯೇ ಅದನ್ನು ಹೇಳುತ್ತದೆ. ಅದರೊಳಗಿರುವುದು ತವರ ಮತ್ತು ಸೀಸಗಳ ಮಿಶ್ರಲೋಹದ ಎಳೆ, ಇಲ್ಲವೆ ತವರದ ಲೇಪವುಳ್ಳ ಸಣ್ಣ ತಾಮ್ರದ ಎಳೆ. ಕರಗದಿರುವುದು ನೈಕ್ರೋಮಿನ ಗುಣವಾದರೆ, ಬೇಗ ಕರಗುವುದೇ ಇದರ ಗುಣ. ಎಲ್ಲಿಯೋ ಎರಡು ತಂತಿಗಳು ತಗುಲಿ ವಿದ್ಯುತ್ತು ಮಿತಿಮೀರಿ ಹರಿದಾಗ ಈ ಎಳೆಯು ಮೊದಲು ಕಾದು, ಕರಗಿ, ಹರಿವನ್ನು ಕಡಿದುಹಾಕುತ್ತದೆ. ತಾನು ಅಳಿದು ಮನೆಯನ್ನು ಉಳಿಸುತ್ತದೆ. ಈಗ ಅನೇಕ ಮನೆಗಳಲ್ಲಿ ಇದರ ಸ್ಥಾನವನ್ನು ತಾನಾಗಿಯೇ ಬೀಳುವ ಸ್ವಿಚ್ಚುಗಳು ಪಡೆದಿವೆ. ಆದರೂ ಹಳೆಯ ಮನೆಗಳಲ್ಲಿ, ಗದ್ದೆಯ ಪಂಪಿನ ಮನೆಗಳಲ್ಲಿ ಫ್ಯೂಸ್ ತಂತಿಯು ಇನ್ನೂ ಕಾವಲು ಕಾಯುತ್ತಿದೆ. ಫ್ಯೂಸು ಮತ್ತೆ ಮತ್ತೆ ಹೋಗುತ್ತದೆಂದು ಬೇಸತ್ತವರು ಅದರ ಸ್ಥಳದಲ್ಲಿ ಕೈಗೆ ಸಿಕ್ಕ ದಪ್ಪ ತಾಮ್ರದ ತಂತಿಯನ್ನು ಕಟ್ಟಿಬಿಡುವುದುಂಟು. ಅದು ಗಟ್ಟಿಯಾದ ತಂತಿ, ಬೆಲೆಯುಳ್ಳ ತಂತಿ, ವಿದ್ಯುತ್ತನ್ನು ಚೆನ್ನಾಗಿ ಒಯ್ಯುವ ತಂತಿ. ಆದರೆ ಆ ಸ್ಥಳಕ್ಕೆ ಸಲ್ಲದ ತಂತಿ. ಮುಂದೆ ವಿದ್ಯುತ್ತು ಮಿತಿಮೀರಿದಾಗ ಕರಗಬೇಕಾದುದು ಕರಗುವುದಿಲ್ಲ. ಗೋಡೆಯೊಳಗಿನ ತಂತಿಗಳು ಕಾದು, ಅವುಗಳ ಹೊದಿಕೆ ಸುಟ್ಟು, ಉಳಿಯಬೇಕಾದ ಮನೆಗೆ ಉರಿ ಹತ್ತುತ್ತದೆ.

ಮಾರ್ಷ್, ವೆಸ್ಟನ್, ಗಿಯೋಮ್ ಮೊದಲಾದವರು ವರ್ಷಗಟ್ಟಲೆ ದುಡಿದುದು ಅತ್ಯುತ್ತಮವಾದ ಒಂದು ತಂತಿಯನ್ನು ಹುಡುಕುವುದಕ್ಕಾಗಿ ಅಲ್ಲ. ಒಂದೊಂದು ಕೆಲಸಕ್ಕೆ ತಕ್ಕ ಒಂದೊಂದು ತಂತಿಯನ್ನು ಹುಡುಕುವುದಕ್ಕಾಗಿ. ಫ್ಯೂಸಿಗೆ ಅದರ ಮೇಲೆ ಬರೆದಿರುವ ಆಂಪೇರಿಗೆ ಸರಿಯಾದ ಎಳೆಯನ್ನೇ ಹಾಕಬೇಕೆಂದು ಮನೆಯವರಿಗೆ ತಿಳಿಯಹೇಳುವ ವಿದ್ಯಾರ್ಥಿಯು ಅವರ ಶ್ರಮದ ಫಲವನ್ನು ತನ್ನ ಮನೆಗೆ ತಂದವನಾಗುತ್ತಾನೆ.